ಏನೂ ಮಾಡದ ದಿಮ್ಮಿಯವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಮಾವನ ಮರಗೆಲಸದ ಅಂಗಡಿಯ ಮುಂದೆ, ಚರಂಡಿಗೆ ಅರ್ಧ ಅಡ್ಡವಾಗಿ, ನಾನು ಶಾಲೆ ಬಿಟ್ಟು ಇಲ್ಲಿಗೆ ಬರುವುದಕ್ಕೂ ಮೊದಲಿನಿಂದ ಒಂದೇ ಮಗ್ಗುಲಲ್ಲಿ ಪವಡಿಸಿರುವ ಗಂಟುಮರದ ದಿಮ್ಮಿಯವರಾದ ತಮಗೆ, ಅದೇ ಅಂಗಡಿಯ ಕೈಯಾಳಾದ ನಾನು ತಲೆಬಾಗಿ ಸಲ್ಲಿಸುವ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಕ್ಷೇಮ ಬಿಟ್ಟು ಬೇರೇನಾದರೂ ಆಗುವುದಕ್ಕೆ ಇಲ್ಲಿ ಯಾರೂ ಅವಕಾಶ ಕೊಟ್ಟಿಲ್ಲ.

ಬಹಳ ಕಾಲದಿಂದ ಮುಚ್ಚಿಟ್ಟುಕೊಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಟ್ಟೆಯಲ್ಲಿ ಒಂದು ಇಟ್ಟುಕೊಂಡು ಕಾಗದದಲ್ಲಿ ಇನ್ನೊಂದು ಬರೆಯುವುದು ನನಗೆ ಬರುವುದಿಲ್ಲ. ನನಗೆ ತಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಕೈಕಾಲು ಗಟ್ಟಿಯಾಗಿರುವ ಒಬ್ಬ ಹುಡುಗ ಮರದ ತುಂಡೊಂದನ್ನು ನೋಡಿ ಕರುಬುತ್ತಾನೆ ಎನ್ನುವುದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ವಿಷಯವಲ್ಲವಾದ್ದರಿಂದ ಅತ್ತೆಗೂ ಹೇಳಿರಲಿಲ್ಲ. ಬೆಳಿಗ್ಗೆ ತಮ್ಮ ಮೈ ಮೇಲಿನ ಧೂಳು ಹೊಡೆಯುವಾಗ ನಾನು ಬಟ್ಟೆಯಿಂದ ಒಂದೆರಡು ಏಟು ಜಾಸ್ತಿ ಕೊಡುತ್ತಿದ್ದದ್ದು ಧೂಳಿನ ಮೇಲಿನ ಸಿಟ್ಟಿಗಲ್ಲ.

ಇದು ಬಹಿರಂಗ ಪತ್ರವಾದ್ದರಿಂದ, ತಮಗೆ ಗೊತ್ತಿರುವುದನ್ನೂ ಓದುವವರಿಗಾಗಿ ಒಮ್ಮೆ ಹೇಳಬೇಕಾಗುತ್ತದೆ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಕೈಯಾಳಿನ ಕೈ ಕೂತಿತು ಎಂದು ಮಾವನಿಗೆ ಅನಿಸಿದ ದಿನ ಅವನಿಗೆ ಒಂದು ಮರ ಕೊಡುತ್ತಾರೆ. ಅದರಲ್ಲಿ ಏನು ಮಾಡಬೇಕು ಎನ್ನುವುದು ಅವನ ಇಷ್ಟ, ಮಾವ ಕೇಳುವಂತಿಲ್ಲ, ಮೂಗು ತೂರಿಸುವಂತಿಲ್ಲ. ಆ ಕೆಲಸ ಮುಗಿದರೆ ಅವನು ಕೈಯಾಳಲ್ಲ, ಮೇಸ್ತ್ರಿ. ನನಗೆಂದು ಮಾವ ತೋರಿಸಿದ ಮರ ತಾವೇ. ತಮ್ಮ ಬೆನ್ನಿನ ಮೇಲೆ ಅಂಗೈಯಿಂದ ಬಡಿದು, “ಇದು ನಿಂದು ಕಣೋ. ಈ ಹಟಮಾರಿನ ದಾರಿಗೆ ತಂದವನು ಯಾವ ಮರನಾದ್ರೂ ತರ್ತಾನೆ” ಎಂದಿದ್ದರು. ತಮ್ಮಿಂದ ಅತ್ತೆಗೊಂದು ಗಿಡ್ಡ ಸ್ಟೂಲು ಮಾಡಬೇಕೆಂದು ನಾನು ಆಗಲೇ ತೀರ್ಮಾನಿಸಿದ್ದೆ. ಊರಿಗೆಲ್ಲ ಮಂಚ, ಮೇಜು ಮಾಡಿಕೊಟ್ಟ ಮನೆಯಲ್ಲಿ ಅತ್ತೆ ಇಂದಿಗೂ ತರಕಾರಿ ಹೆಚ್ಚುವುದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಬ್ರೇಕಿಂಗ್ ತಾತನ ರಕ್ತದೊತ್ತಡ ಏರುವ ತನಕ.

ಈ ತಾತ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪ್ರತಿದಿನ ತಮ್ಮ ಮೇಲೆ ಕೂತು ಪತ್ರಿಕೆಯನ್ನು ಬೀದಿಗೆಲ್ಲ ಕೇಳುವ ಹಾಗೆ ಓದುವುದರಿಂದ ಆ ಹೆಸರು ಬಂದದ್ದು. ಸುದ್ದಿ ಓದಿದಷ್ಟೂ ಒತ್ತಡ ಏರುತ್ತಿದೆ, ಇನ್ನು ಪತ್ರಿಕೆ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರು. ಮಗಳು, ಏನೂ ಮಾಡದೆ ಇರುವುದೇ ದೊಡ್ಡದು ಎನ್ನುವ, ತಾವೋ ಎಂಬ ಚೀನಾದ ಹಳೆಯ ತತ್ವದ ಒಂದು ಪುಸ್ತಕ ತಂದುಕೊಟ್ಟಳು. ತಾತ ಡಾಕ್ಟರ ಮಾತನ್ನು ಪೂರ್ತಿ ಮೀರಲೂ ಇಲ್ಲ, ಪೂರ್ತಿ ಕೇಳಲೂ ಇಲ್ಲ. ಬಲಗೈಯಲ್ಲಿ ಪತ್ರಿಕೆ, ಎಡಗೈಯಲ್ಲಿ ತಾವೋ. ಒಂದು ಸುದ್ದಿ, ಅದರ ಬೆನ್ನಿಗೆ ಒಂದು ತತ್ವ, ಮಾತ್ರೆಯ ಮೇಲೆ ನೀರು ಕುಡಿದ ಹಾಗೆ.

ಆ ಬೆಳಗುಗಳಿಗೆ ತಾವೇ ಸಾಕ್ಷಿ. ಪೆಟ್ರೋಲಿನ ಬೆಲೆ ಮತ್ತೆ ಏರಿತು ಎಂದು ಓದಿ ತಾತನ ಕಿವಿ ಕೆಂಪಾಗುತ್ತಿತ್ತು. ತಕ್ಷಣ ಎಡಗೈ ಮೇಲೆತ್ತಿ, ನೀರು ತಾನಾಗಿ ತಗ್ಗಿಗೆ ಹರಿಯುತ್ತದೆ, ಸೃಷ್ಟಿಯಲ್ಲಿ ಎಲ್ಲದರ ದಾರಿಯೂ ಹಾಗೆಯೇ ಎಂಬ ಅರ್ಥದ ಏನನ್ನೋ ಓದುತ್ತಿದ್ದರು. ಎದುರಂಗಡಿಯ ದರ್ಜಿ ಬಾಯಲ್ಲಿ ಸೂಜಿ ಕಚ್ಚಿಕೊಂಡೇ, “ಹಾಗಾದ್ರೆ ತಾತ, ತಾವೋ ಕೈಗೂ ಸಿಗದೆ ಮೇಲಕ್ಕೆ ಹರೀತಿರೋದು ಪೆಟ್ರೋಲ್ ಒಂದೇ ಅನ್ನಿ” ಎನ್ನುತ್ತಿದ್ದ. ಉದ್ಘಾಟನೆಗೆ ಮೊದಲೇ ಕುಸಿದ ಸೇತುವೆಯ ಸುದ್ದಿ ಬಂದ ದಿನ ತಾತ ಗಟ್ಟಿಯಾದದ್ದು ಮುರಿಯುತ್ತದೆ, ಮೆತ್ತಗಿರುವುದು ಬಾಳುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರೆ, ದರ್ಜಿ, “ಅದು ಮೆತ್ತಗೇ ಇತ್ತಲ್ಲ ತಾತ, ಅದಕ್ಕೇ ತಾನೇ ಬಿದ್ದಿದ್ದು?” ಎಂದ. “ಲೋ, ಸೇತುವೆದು ತತ್ವ ಅಲ್ಲ, ಗುತ್ತಿಗೆ!” ಎಂದು ಕೂಗಿದ ತಾತನಿಗೆ ಒತ್ತಡ ಇಳಿಸಲು ಇನ್ನೆರಡು ಪುಟ ಓದಬೇಕಾಯಿತು. ಬೆಳಿಗ್ಗೆ ರಾಜೀನಾಮೆ ಕೊಟ್ಟ ಮಂತ್ರಿ ಸಂಜೆ ಅದೇ ಕುರ್ಚಿಗೆ ಮರಳಿದ್ದನ್ನು ಮಾತ್ರ ಅವರು ಸಂತೋಷದಿಂದಲೇ ಓದಿದರು. ಹೋಗುವುದೂ ಬರುವುದೂ ಒಂದೇ ಎಂದು ತಿಳಿದ ಒಬ್ಬನಾದರೂ ಸರ್ಕಾರದಲ್ಲಿ ಇದ್ದಾನಲ್ಲ ಎಂದು.

ಇಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಿದ್ದೆ. ಆದರೆ ಒಂದು ದಿನ ತಾತ, ಸೊಟ್ಟಗಿರುವ, ಯಾತಕ್ಕೂ ಬಾರದ ಮರವನ್ನು ಯಾವ ಕೊಡಲಿಯೂ ಮುಟ್ಟುವುದಿಲ್ಲ, ಅದರ ದಂಡತನವೇ ಅದಕ್ಕೆ ಕಾವಲು ಎಂಬ ವಿಚಾರವನ್ನು ಓದಿದ ಹೊತ್ತಿಗೆ ಮಾವ ಕೀಸುಳಿ ಹಿಡಿದು ಒಳಗೆ ಹಲಗೆ ನಯ ಮಾಡುತ್ತಿದ್ದವರು ಕೈ ನಿಲ್ಲಿಸಿ ಹೊರಗೆ ಬಂದರು. ಕಿವಿಯ ಮೇಲಿನ ಪೆನ್ಸಿಲ್ಲನ್ನು ತೆಗೆದು, ಮತ್ತೆ ಅಲ್ಲೇ ಇಟ್ಟು, ತಮ್ಮನ್ನು ಬಹಳ ಹೊತ್ತು ನೋಡಿದರು. “ಇಷ್ಟು ದಿನ ನಾವು ಗುರುಗಳ ಮೇಲೆ ಕೂತು ಟೀ ಕುಡಿದ್ವಲ್ಲೋ” ಎಂದರು. ನನ್ನ ಗ್ರಹಚಾರ ಕೆಟ್ಟದ್ದು ಅಲ್ಲಿಂದ. ತಮ್ಮ ಮೇಲೆ ಯಾರೂ ಉಳಿ ಇಡಕೂಡದು ಎಂದು ಅಪ್ಪಣೆಯಾಯಿತು. ತಾವು ನನ್ನ ಮರವಲ್ಲವೇ ಎಂದು ನಾನು ಮಾವನನ್ನು ಕೇಳಿದ್ದಕ್ಕೆ, ನನ್ನದು ಅನ್ನುವುದೇ ಮೊದಲನೆಯ ಗಂಟು ಎಂದು ಹೇಳಿದರು.

ಇನ್ನು ತಮ್ಮ ಗುಣಗಾನ ಮಾಡದಿದ್ದರೆ ನಾನು ಕೃತಘ್ನನಾಗುತ್ತೇನೆ. ತಾವು ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನಾನು ಹತ್ತಿದೆ, ಇಳಿದೆ. ತಮ್ಮದನ್ನು ಇವರು ಸಹಜ ಸ್ಥಿತಿ ಎನ್ನುತ್ತಾರೆ, ನನ್ನದನ್ನು ದಂಡಪಿಂಡ ಎನ್ನುತ್ತಾರೆ. ತಾವು ಇಡೀ ದಿನ ಬಿದ್ದುಕೊಂಡರೆ ಅದು ಧ್ಯಾನ, ನಾನು ಊಟವಾದ ಮೇಲೆ ಹಲಗೆಗಳಿಗೆ ಒರಗಿದರೆ ಅದು ಸೋಮಾರಿತನ. ತಾವು ಕರೆದರೆ ಓಗೊಡುವುದಿಲ್ಲ, ಅದಕ್ಕೆ ಮೌನ ಎಂದು ಹೆಸರು. ನಾನು ಓಗೊಡದಿದ್ದ ದಿನ ಬಂದದ್ದು ಮಾವನ ಅಳತೆಪಟ್ಟಿ, ಬೆನ್ನಿಗೆ.

ತಮ್ಮ ಪ್ರಭಾವ ಅಂಗಡಿಯ ಒಳಗೂ ಹಬ್ಬಿತು. ಸೊಟ್ಟಗಿರುವುದನ್ನು ನೆಟ್ಟಗೆ ಮಾಡಲು ನಾವು ಯಾರು ಎಂದು ಮಾವ ಕೀಸುಳಿಯನ್ನು ಕೆಳಗಿಟ್ಟರು. ದರ್ಜಿ ತನ್ನ ಅಂಗಡಿಗೆ ಬಾಗಿಲು ಕೇಳಿದ್ದ, ಅವನಿಗೆ ಬರೀ ಚೌಕಟ್ಟು ಸಿಕ್ಕಿತು. ಬಾಗಿಲಿನಲ್ಲಿ ಉಪಯೋಗಕ್ಕೆ ಬರುವುದು ಖಾಲಿ ಜಾಗ ಮಾತ್ರ, ಮಿಕ್ಕದ್ದು ಅಡ್ಡಿ ಎಂದು ಮಾವ ವಿವರಿಸಿದರು. ದರ್ಜಿ ಈಗ ಹೊಲಿಗೆ ಯಂತ್ರದ ಕಾಲಿಗೆ ಸರಪಳಿ ಕಟ್ಟಿ ಮನೆಗೆ ಹೋಗುತ್ತಾನೆ. ಮಾವನನ್ನು ಎದುರಿಸಿದವರು ಅತ್ತೆ ಒಬ್ಬರೇ. ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತ ಮಾವನಿಗೆ ಖಾಲಿ ತಟ್ಟೆಯೇ ಎದುರಾಯಿತು. “ನಿಮ್ಮ ದಿಮ್ಮಿ ಹತ್ರ ನಮ್ಮ ಒಲೆನೂ ಉಪದೇಶ ತಗೊಂಡು ಬಂದಿದೆ, ಇವತ್ತು ಅದೂ ಏನೂ ಮಾಡಲ್ಲವಂತೆ” ಎಂದು ಹೇಳಿ ಅತ್ತೆ ಪಕ್ಕದ ಮನೆಗೆ ಹೋಗಿ ಕೂತರು. ಸಂಜೆಯೊಳಗೆ ಅಡುಗೆಮನೆಗೆ ತತ್ವದಿಂದ ವಿನಾಯಿತಿ ಸಿಕ್ಕಿತು, ಅಂಗಡಿಗೆ ಸಿಗಲಿಲ್ಲ.

ಅಷ್ಟರಲ್ಲಿ ವಾರ್ಡಿನ ಚುನಾವಣೆ ಬಂತು. ಯಾರಿಗೆ ಓಟು ಎಂದು ಜಗಳ ಹತ್ತಿದಾಗ, ತಮ್ಮನ್ನೇ ನಿಲ್ಲಿಸೋಣ ಎಂದು ಮೊದಲು ಅಂದವನು ದರ್ಜಿ. ಅವನು ಅಂದದ್ದು ತಮಾಷೆಗೆ. ತಾತ ಅದನ್ನು ಯೋಚಿಸಿ ನೋಡಿದರು, ಅದೇ ಅಪಾಯವಾದದ್ದು. ಪಕ್ಷ ಬದಲಿಸುವುದಿಲ್ಲ, ಭಾವಮೈದುನ ಇಲ್ಲ, ಅಧ್ಯಯನ ಪ್ರವಾಸ ಹೋಗುವುದಿಲ್ಲ, ಮೈಕು ಕೊಟ್ಟರೂ ಮಾತಾಡುವುದಿಲ್ಲ, ಆಳುವವನು ಇದ್ದಾನೆಂದು ಜನರಿಗೆ ಗೊತ್ತೇ ಆಗದಂತೆ ಆಳುವ ತಾಕತ್ತಿರುವುದು ಈ ಬೀದಿಯಲ್ಲಿ ಇವರೊಬ್ಬರಿಗೇ ಎಂದರು. ತಮ್ಮನ್ನು ಕೈಗಾಡಿಗೆ ಏರಿಸಿ ನಾಮಪತ್ರ ಸಲ್ಲಿಸಲು ಹೊರಟೆವು. ಗಾಡಿ ತಳ್ಳಿದವನು ಯಾರೆಂದು ತಮಗೆ ನೆನಪಿರಬಹುದು. ಹಿಂದೆ ಅರ್ಧ ಬೀದಿಯೇ ಬಂತು, ಇಷ್ಟು ಗೌರವದಿಂದ ಯಾರ ಮೆರವಣಿಗೆಯೂ ಹೋದದ್ದನ್ನು ನಾನು ನೋಡಿಲ್ಲ. ಅಧಿಕಾರಿಗಳು ವಯಸ್ಸಿಗೆ ದಾಖಲೆ ಕೇಳಿದರು. ಒಳಗಿನ ಉಂಗುರಗಳನ್ನು ಎಣಿಸಿಕೊಳ್ಳಿ ಎಂದರು ಮಾವ. ಹಾಗಾದರೆ ಕೊಯ್ದು ತೋರಿಸಿ ಎಂದರು ಅಧಿಕಾರಿಗಳು. ಕೊಯ್ದರೆ ಇವರು ಬಾಗಿಲೋ ಬೆಂಚೋ ಆಗಿ ಉಪಯೋಗಕ್ಕೆ ಬಂದುಬಿಡುತ್ತಾರೆ, ಆಮೇಲೆ ರಾಜಕೀಯಕ್ಕೆ ಯೋಗ್ಯರಾಗಿ ಉಳಿಯುವುದಿಲ್ಲ ಎಂದು ತಾತ ವಾದಿಸಿದರು. ವಾದ ಒಳ್ಳೆಯದೇ ಇತ್ತು, ಆದರೂ ನಾಮಪತ್ರ ತಿರಸ್ಕೃತವಾಯಿತು, ತಮ್ಮನ್ನು ವಾಪಸು ತಂದು ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ ಮಲಗಿಸಿದೆವು.

ಅದೇ ಸಾಲಿನಲ್ಲಿ ತನ್ನ ನಾಮಪತ್ರ ಹಿಡಿದು ನಿಂತಿದ್ದ ಗುತ್ತಿಗೆದಾರ ಇದನ್ನೆಲ್ಲ ನೋಡುತ್ತಿದ್ದ. ಮರುದಿನ ಅವನ ಪ್ರಚಾರದ ಗಾಡಿ ಬೀದಿ ಬೀದಿಯಲ್ಲಿ, ನಮ್ಮ ಅಭ್ಯರ್ಥಿ ಗೆದ್ದರೆ ದಿಮ್ಮಿಯಂತೆ ಇರುತ್ತಾರೆ, ಏನೂ ಮಾಡುವುದಿಲ್ಲ ಎಂದು ಕೂಗತೊಡಗಿತು. ಜನ ಬಹಳ ವರ್ಷಗಳ ಮೇಲೆ ನಂಬಬಹುದಾದ ಒಂದು ಭರವಸೆಯನ್ನು ಕೇಳಿ ಅವನನ್ನು ಭಾರೀ ಅಂತರದಲ್ಲಿ ಗೆಲ್ಲಿಸಿದರು. ಅವನು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಿದ್ದಾನೆ. ಚರಂಡಿಗೆ ಕೇಳಿದರೆ ಅದೂ ಸಾಕ್ಷಿ ಹೇಳುತ್ತದೆ.

ಈಗ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಹೋದ ವಾರ ಆ ಗುತ್ತಿಗೆದಾರರು, ಅಂದರೆ ಈಗಿನ ವಾರ್ಡಿನ ಸದಸ್ಯರು, ಅಂಗಡಿಗೆ ಬಂದರು. ತಮ್ಮಿಂದಲೇ ಗೆದ್ದದ್ದು, ಆದ್ದರಿಂದ ಕಚೇರಿಯಲ್ಲಿ ಕೂರಲು ತಮ್ಮಿಂದಲೇ ಒಂದು ದೊಡ್ಡ ಕುರ್ಚಿ ಮಾಡಿಕೊಡಬೇಕು ಎಂದರು. ಹೊರಡುವಾಗ ಅಂಗಡಿಯ ಮುಂಭಾಗವನ್ನು ಕಣ್ಣಲ್ಲೇ ಅಳೆದು, “ಈ ಜಾಗ ಚರಂಡಿದಲ್ವಾ ಮೇಸ್ತ್ರಿ? ಇರ್ಲಿ ಬಿಡಿ, ನಾವು ಏನೂ ಮಾಡೋರಲ್ಲ” ಎಂದು ನಕ್ಕರು. ಮಾವ ನಗಲಿಲ್ಲ. ಸಂಜೆ ನನ್ನನ್ನು ಕರೆದು, ನೀರು ಬಂಡೆಯ ಜೊತೆ ಜಗಳ ಆಡುವುದಿಲ್ಲ, ಬಳಸಿಕೊಂಡು ಹೋಗುತ್ತದೆ, ನಾನಂತೂ ಉಳಿ ಹಿಡಿಯುವುದನ್ನು ಬಿಟ್ಟಿದ್ದೇನೆ, ಕುರ್ಚಿಯನ್ನು ನೀನೇ ಮಾಡು, ಇದನ್ನೇ ನಿನ್ನ ಮೊದಲ ಕೆಲಸ ಅಂತ ಲೆಕ್ಕ ಹಿಡಿಯೋಣ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ತಮ್ಮನ್ನು ನೋಡುತ್ತಿದ್ದರು.

ಮಾನ್ಯರೇ, ಆ ದಿನಕ್ಕಾಗಿ ನಾನು ಎಷ್ಟು ಕಾದಿದ್ದೆನೆಂದು ತಮಗೆ ಗೊತ್ತು. ತಮ್ಮ ಗಂಟುಗಳ ಮೇಲೆ ಬೆರಳಾಡಿಸಿ, ಗರಗಸ ಎಲ್ಲಿಂದ ಹಾಕಿದರೆ ತಾವು ಸೀಳುವುದಿಲ್ಲ ಎಂದು ನೋಡಿಟ್ಟುಕೊಂಡವನು ನಾನು. ಹೂಂ ಎಂದಿದ್ದರೆ ಮರವೂ ನನ್ನದು, ಮೇಸ್ತ್ರಿ ಎಂಬ ಹೆಸರೂ ನನ್ನದು. ಆದರೆ ಏನು ಮಾಡಬೇಕೆಂದು ಬೇರೆಯವರು ಹೇಳಿದ ಕೆಲಸ ನನ್ನ ಮೊದಲ ಕೆಲಸ ಹೇಗಾಗುತ್ತದೆ? “ಮಾವ, ನೀರು ಬಗ್ಗೋದು ಬೇರೆ, ನೀವು ಹೆದರಿಕೊಂಡು ಬಗ್ಗೋದು ಬೇರೆ” ಎಂದುಬಿಟ್ಟೆ. ತಾತ ಪತ್ರಿಕೆಯನ್ನೂ ಪುಸ್ತಕವನ್ನೂ ಒಟ್ಟಿಗೆ ಮಡಚಿದರು. ದರ್ಜಿಯ ಯಂತ್ರ ನಿಂತಿತು. ಇದು ಒರಟು ಮಾತೆಂದು ನನಗೂ ಗೊತ್ತಿತ್ತು. ಸುಳ್ಳೆಂದು ಮಾವ ಹೇಳಿದ್ದರೆ ಕ್ಷಮೆ ಕೇಳುತ್ತಿದ್ದೆ. ಅವರು ಹೇಳಲಿಲ್ಲ.

ಬೇರೆ ಊರಿನ ಮರದ ಕಾರ್ಖಾನೆಯೊಂದಕ್ಕೆ ಫೋನು ಮಾಡಿದೆ. ನೀನಾಗಿಯೇ ಏನು ಮಾಡಿದ್ದೀಯ ಎಂದು ಅದರ ಮಾಲೀಕರು ಕೇಳಿದರು. ಏನೂ ಇಲ್ಲ ಎಂದೆ. ನಮ್ಮ ಬೀದಿಯಲ್ಲಾದರೆ ಈ ಉತ್ತರಕ್ಕೆ ವಾರ್ಡಿನ ಸದಸ್ಯತ್ವ ಸಿಗುತ್ತಿತ್ತು, ಅಲ್ಲಿ ಸಿಕ್ಕಿದ್ದು ಪೊರಕೆ. ಬಾ, ಗುಡಿಸುವುದರಿಂದ ಶುರು ಮಾಡು ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇಷ್ಟು. ನನ್ನ ಕೈ ಕೂತಿದೆ ಎಂಬುದಕ್ಕೆ ತಾವು ಒಂದು ಪ್ರಮಾಣಪತ್ರ ಬರೆದುಕೊಡಬೇಕು, ಸಹಿ ಬಾರದಿದ್ದರೆ ಒಂದು ಗಂಟನ್ನು ಒತ್ತಿದರೂ ಸಾಕು. ಒಮ್ಮೆಯಾದರೂ ಎದ್ದು ಪಕ್ಕಕ್ಕೆ ಸರಿದು ಚರಂಡಿಗೆ ದಾರಿ ಬಿಡಬೇಕು, ಸದಸ್ಯರಿಂದ ಆಗದ್ದು ತಮ್ಮಿಂದಾದರೂ ಆಗಲಿ. ಮತ್ತು ಮಾವ ತಮ್ಮ ಹತ್ತಿರ ಬಂದು ಕೂತಾಗ ಕೀಸುಳಿ ಎಲ್ಲಿದೆ ಎಂದು ನೆನಪಿಸಬೇಕು. ಹಲಗೆಗಳ ಹಿಂದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ, ತುಕ್ಕು ಹಿಡಿದಿಲ್ಲ.

ಹೊರಡುತ್ತೇನೆ ಎಂದು ಹೇಳಿದಾಗ ಮಾವ ಏನಾದರೂ ತತ್ವ ಹೇಳುತ್ತಾರೆಂದು ಕಾದೆ. ಅವರು ಎದ್ದು ಹಿಂದಿನ ಕೋಣೆಗೆ ಹೋದರು. ಮಾವ ಇದಕ್ಕೂ ಏನೂ ಮಾಡುವುದಿಲ್ಲವಲ್ಲ ಎಂದು ಅತ್ತೆಯ ಮುಂದೆ ಸಿಡುಕಿದೆ. “ಏನೂ ಮಾಡ್ತಿಲ್ಲ ಅಂತ ಯಾರು ಹೇಳಿದ್ದು ನಿಂಗೆ? ಒಳಗೆ ಕೂತು ಅಳ್ತಿದಾರೆ, ಸುಮ್ನಿರು” ಎಂದರು ಅತ್ತೆ.

ಇಷ್ಟನ್ನು ತಮ್ಮ ಅವಗಾಹನೆಗೆ ತಂದು ವಿರಮಿಸುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮಷ್ಟೇ ಓದಿರುವ ಕೈಯಾಳು

ತಾ.ಕ.: ಕುರ್ಚಿಗೆಂದು ಸದಸ್ಯರ ಕಡೆಯವನು ಅವರ ಸೊಂಟದ ಅಳತೆಯನ್ನು ಪೆನ್ಸಿಲ್ಲಿನಲ್ಲಿ ತಮ್ಮ ಬೆನ್ನಿನ ಮೇಲೆ ಗುರುತು ಹಾಕಿ ಹೋಗಿದ್ದಾನೆ. ತಾವು ಹೆದರಬೇಕಾಗಿಲ್ಲ. ಗೆದ್ದಂದಿನಿಂದ ಅವರು ಅಗಲವಾಗುತ್ತಿರುವ ವೇಗ ನೋಡಿದರೆ, ಗರಗಸ ಹಿಡಿಯುವವನು ಸಿಗುವ ಹೊತ್ತಿಗೆ ಅವರು ತಮ್ಮನ್ನು ಮೀರಿರುತ್ತಾರೆ, ತಾವು ಮತ್ತೆ ಯಾತಕ್ಕೂ ಬಾರದವರಾಗಿ ನೆಮ್ಮದಿಯಾಗಿರಬಹುದು. ನಾನು ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ.