ಹೋಬರ್ಟ್ ಕಾಲೆತ್ತಿದ್ದು

ಬೆಳಿಗ್ಗೆ ಒಲೆಗೆ ಬೀಳಬೇಕಿದ್ದ ಸೌದೆ ವರ್ಲಿನ್ ಮುದುಕನ ಕಾಲಿನ ಹೆಬ್ಬೆರಳ ಮೇಲೆ ಬಿದ್ದದ್ದೇ ಎಲ್ಲ ಫಜೀತಿಗೂ ಮೂಲ.

ವರ್ಜೀನಿಯಾದ ಆ ಬೆಟ್ಟಸೀಮೆಯಲ್ಲಿ ವರ್ಲಿನ್‌ನಂತೆ ಬ್ಯಾಂಜೊ ಎಂಬ ತಂತಿವಾದ್ಯ ನುಡಿಸುವವರು ಇನ್ನೊಬ್ಬರಿರಲಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಕೂತು ಜೋಡಿ ನುಡಿಸಬೇಕೆಂದು ಅಳಿಯ ಹೋಬರ್ಟ್ ಮದುವೆಯಾದಾಗಿನಿಂದ ಹಪಹಪಿಸುತ್ತಿದ್ದ. ಈ ಬೇಸಗೆಯ ವಾದನ-ಕುಣಿತದ ಸ್ಪರ್ಧೆಗೆ ಮಾವ ಅಂತೂ ಇಂತೂ ಒಪ್ಪಿದ್ದ. "ನೋಡೋಣ, ಸರಿಹೋದ್ರೆ ಕುರ್ಚಿ ನಿಂದೇ."

ಆ ಹಳೇ ಮಟ್ಟುಗಳಿಗೆ ಕೊನೆಯೆಂಬುದಿಲ್ಲ. ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ನುಡಿಸುವವರ ಮುಂದಾಳು ಸನ್ನೆಯಾಗಿ ಕಾಲೆತ್ತಿದರೆ ಅದೇ ಕಡೇ ಸುತ್ತು.

ವೇದಿಕೆ ಹತ್ತುವ ಮುಂಚೆ ಮಾವ ಬ್ಯಾಂಡೇಜು ಸುತ್ತಿದ ಪಾದ ತೋರಿಸಿದ. "ನನ್ನ ಕೈಲಾಗಲ್ಲ ಕಣೋ. ಇವತ್ತು ಕಾಲು ನೀನೇ ಎತ್ತು."

"ಚೆನ್ನಾಗಿ ಮೇಲಕ್ಕೆತ್ತಯ್ಯಾ, ಮುದುಕಂಗೆ ಕಣ್ಣು ಮಂದ," ಎಂದು ಪಕ್ಕದ ಮನೆಯ ಎಮೊರಿ ಕೇಳದೆಯೇ ಸಲಹೆ ಕೊಟ್ಟ. ಅವನೂ ಬ್ಯಾಂಜೊದವನೇ.

ಎರಡು ಬ್ಯಾಂಜೊ ಒಂದೇ ಉಸಿರಿನಲ್ಲಿ ಹೊರಟವು. ನಾಲ್ಕು ಸುತ್ತಾದ ಮೇಲೆ ಹೋಬರ್ಟ್ ಬಲಗಾಲು ಎತ್ತಿದ. ಮಾವ ಕಣ್ಣು ಮುಚ್ಚಿ ಮೈಮರೆತಿದ್ದ. ಎಡಗಾಲು ಎತ್ತಿದ. ಊಹೂಂ.

ಮುಂದಿನ ಸಾಲಿನಿಂದ ಹೆಂಡತಿ ಡಲ್ಸಿ ಕೂಗಿದಳು: "ರೀ, ಅಪ್ಪನ ಮುಂದೆ ಅದೇನ್ರೀ, ಕಂಬ ಕಂಡ ನಾಯಿ ಥರ! ಇಳಿಸ್ರೀ!"

ಇಳಿಸಿದ.

"ಇನ್ನೂ ಮೇಲಕ್ಕಯ್ಯಾ!" ಅಂದ ವೇದಿಕೆಯ ಪಕ್ಕದಿಂದ ಎಮೊರಿ.

ಎತ್ತಿದ.

"ಇಳಿಸ್ತೀರೋ ಇಲ್ವೋ?"

ಯಾರ ಮಾತು ಕೇಳಬೇಕೆಂದು ಹೋಬರ್ಟ್‌ಗೆ ದಿಕ್ಕೇ ತೋಚಲಿಲ್ಲ. ನಡುವೆ ಕೈಬಿಟ್ಟರೆ ಕುರ್ಚಿ ಹೋದಂತೆಯೇ. ನುಡಿಸುತ್ತಲೇ ಎದ್ದುನಿಂತು, ಮಾವನ ಮೂಗಿನ ಮುಂದೆಯೇ ಒಂದೊಂದೇ ಕಾಲನ್ನು ಎತ್ತೆತ್ತಿ ಇಳಿಸತೊಡಗಿದ. ಜನ ಶಿಳ್ಳೆ ಹೊಡೆದರು. ಕೊನೆಗೆ ಮಾವನ ತಂತಿಯೇ ಹರಿದು ವಾದನ ನಿಂತಿತು.

"ಜೋಡಿ ಬ್ಯಾಂಜೊ: ಸಮಯ ಮೀರಿದ್ದರಿಂದ ಸ್ಪರ್ಧೆಯಿಂದ ಹೊರಕ್ಕೆ," ಎಂದಿತು ಧ್ವನಿವರ್ಧಕ. "ಕುಣಿತದಲ್ಲಿ ಮೊದಲನೇ ಬಹುಮಾನ: ಹೋಬರ್ಟ್!"

ಯಾರೋ ಓಡಿಬಂದು ಹೋಬರ್ಟ್‌ನ ಎದೆಗೆ ಬಹುಮಾನದ ನೀಲಿ ರಿಬ್ಬನ್ನು ಚುಚ್ಚಿದರು.

"ಮಾವ, ನಾನು ಕುಣೀಲೇ ಇಲ್ಲ! ನೀವೇ ಕಾಲೆತ್ತು ಅಂದ್ರಲ್ಲ..."

"ಸುಮ್ನಿರೋ!" ಮಾವನ ಕಣ್ಣಲ್ಲಿ ಆನಂದಬಾಷ್ಪ. "ಈ ಮನೇಲಿ ಬ್ಯಾಂಜೊದವ್ರು ಬೇಕಾದಷ್ಟು ಜನ ಆಗೋದ್ರು, ಕುಣಿಯೋನು ಒಬ್ಬ ಇರ್ಲಿಲ್ಲ. ನಿನ್ನಂಥೋನ್ನ ಕೂರಿಸಿದ್ದೇ ನನ್ನ ತಪ್ಪು. ಇನ್ಮೇಲೆ ನೀನು ಕೂರಲೇಬಾರ್ದು. ನಾನು ನುಡಿಸ್ತೀನಿ, ನೀನು ಕುಣಿ."

"ಮತ್ತೆ ಆ ಕುರ್ಚಿ?"

ಹೋಬರ್ಟ್ ತಿರುಗಿ ನೋಡಿದ. ಎಮೊರಿ ಆಗಲೇ ಅದರಲ್ಲಿ ಕೂತು ತಂತಿ ಬಿಗಿಯುತ್ತಿದ್ದ.