ಅತ್ತೆಯವರು ಕಾದ ಕೆಂಪೆಲೆ

ಮಿಶಿಗನ್‌ನಲ್ಲಿ ಆಗಸ್ಟ್ ತಿಂಗಳ ಬಾಲಕ್ಕೆ ಬಂದರೆ ಸಾಕು, ನಮ್ಮ ಮನೆಯಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬೆಳಿಗ್ಗೆ ಕಾರಿನ ಗಾಜಿನ ಮೇಲೆ ತೇವ, ಸಬ್‌ಡಿವಿಷನ್ ಎನ್ನುವ ನಮ್ಮ ಬಡಾವಣೆಯ ಮೂಲೆಯಲ್ಲಿ ಹಳದಿ ಸ್ಕೂಲ್ ಬಸ್ಸು, ಹತ್ತರವರೆಗೂ ಇರುತ್ತಿದ್ದ ಬೆಳಕು ಹೋಗಿ ಸಂಜೆ ಎಂಟೂವರೆಗೇ ಕತ್ತಲು. ಇಷ್ಟು ಕಂಡ ಕೂಡಲೇ ನನ್ನ ಹೆಂಡತಿ, "ರೀ, ಸಮ್ಮರ್ ಮುಗೀತು, ಎಲ್ಲಿಗೂ ಹೋಗ್ಲೇ ಇಲ್ಲ" ಎಂದು ಶುರು ಮಾಡುತ್ತಾಳೆ. ಜೂನ್‌ನಿಂದ ಮಾಡಬೇಕಿದ್ದ ಪ್ರಯಾಣವನ್ನೆಲ್ಲ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ರಜದೊಳಗೆ ತುರುಕಲು ಹೊರಡುತ್ತೇವೆ. ನಾನು ಕಾರುಗಳ ಬ್ರೇಕ್ ಪರೀಕ್ಷೆ ಮಾಡುವ ಇಂಜಿನಿಯರ್. ಆಫೀಸಿನಲ್ಲಿ ಎಲ್ಲವನ್ನೂ ಮೊದಲೇ ಯೋಚಿಸಿ ಮಾಡುವವನು ಎಂದು ಹೆಸರಿದೆ. ಆ ಹೆಸರು ಮನೆಯ ಗ್ಯಾರೇಜಿನಿಂದ ಒಳಗೆ ಬರುವುದಿಲ್ಲ.

ಎಲ್ಲಿಗೆ ಪ್ರಯಾಣ?

ತೊಂಬತ್ತರ ದಶಕದ ಕೊನೆ, ಮಿಶಿಗನ್ನಿನ ಈ ನೋವೈ ಊರಿಗೆ ಬಂದ ಮೊದಲ ವರ್ಷ. ಅಲ್ಲಿನ ಚಳಿಗೆ ಮೂಗು ಉದುರಿಹೋಗುತ್ತದೆ ಎಂದು ಊರಲ್ಲಿ ಎಲ್ಲರೂ ಹೆದರಿಸಿ ಕಳಿಸಿದ್ದರು. ಆಗಸ್ಟ್ ಕೊನೆಯ ಶನಿವಾರ ಪಕ್ಕದ ಮನೆಯ ಅಮೆರಿಕನ್ ಅಜ್ಜ ತನ್ನ ಹಿತ್ತಲಿಗೆ ಊಟಕ್ಕೆ ಕರೆದ. ಅಂದು ಸಂಜೆ ಇದ್ದಕ್ಕಿದ್ದಂತೆ ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ, ಊರಿನ ಲೆಕ್ಕದಲ್ಲಿ ಹದಿನಾಲ್ಕಕ್ಕೆ, ಇಳಿಯಿತು. ಊರಿಂದ ತಂದ ಚಳಿಬಟ್ಟೆ ತೊಡಲು ನಾವು ಕಾಯುತ್ತಿದ್ದ ಸಂದರ್ಭ ಅದು.

ನಾನು ದಪ್ಪ ಜಾಕೆಟ್ಟು, ಕೈಗವಸು, ಅದರ ಮೇಲೆ ಅತ್ತೆಯವರು ಮೈಸೂರಿನಲ್ಲಿ ಹೆಣೆದು ಕೊಟ್ಟ ಮಂಕಿ ಕ್ಯಾಪು ಹಾಕಿಕೊಂಡೆ. ಹೆಂಡತಿ ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ನನ್ನ ಹಳೆಯ ಕೋಟು ತೊಟ್ಟಳು. ಆಗಿನ್ನೂ ಪುಟ್ಟದಾಗಿದ್ದ ಮಗಳನ್ನು ರಜಾಯಿಯಲ್ಲಿ ಸುತ್ತಿ ಎತ್ತಿಕೊಂಡೆವು. ಬೇಲಿ ದಾಟಿ ಹೋಗಿ ನೋಡಿದರೆ ಅಲ್ಲಿ ಎಲ್ಲರೂ ಚಡ್ಡಿಯಲ್ಲಿದ್ದಾರೆ, ಒಂದಿಬ್ಬರು ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಾಡುತ್ತಿದ್ದಾರೆ. ಅಜ್ಜ ಐಸಿನ ಡಬ್ಬಿಯೊಳಗೆ ಮೊಳಕೈವರೆಗೂ ಕೈ ಹಾಕಿ ಸೋಡಾ ಹುಡುಕುತ್ತಿದ್ದವನು ನಮ್ಮನ್ನು ನೋಡಿ ಎದ್ದುನಿಂತ. ಬಹಳ ಮರ್ಯಾದಸ್ಥ. ನಗಲಿಲ್ಲ.

"ಎಲ್ಲಿಗೋ ದೂರ ಪ್ರಯಾಣ ಹೊರಟಿದ್ದೀರಿ ಅಂತ ಕಾಣುತ್ತೆ. ಪರವಾಗಿಲ್ಲ, ಒಂದು ತುತ್ತು ತಿಂದೇ ಹೊರಡಿ" ಎಂದ.

ಯಾರ ಹತ್ತು ಗಂಟೆ?

ನನ್ನ ಜೀವದ ಗೆಳೆಯನೊಬ್ಬ ಚಿಕಾಗೋ ಹತ್ತಿರದ ಬೋಲಿಂಗ್‌ಬ್ರೂಕ್‌ನಲ್ಲಿದ್ದಾನೆ. ಶಿವಮೊಗ್ಗದ ಸಾಬರ ಹುಡುಗ, ಈಗ ಅಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಅಮೆರಿಕಕ್ಕೆ ಬಂದ ಹೊಸತರಲ್ಲಿ, ಸಂಸಾರ ಬರುವ ಮುಂಚಿನ ಒಂದು ಬೇಸಿಗೆ, ನಾವಿಬ್ಬರೂ ಅಲ್ಲೇ ಹತ್ತಿರದ ಸ್ಕೋಕಿಯಲ್ಲಿ ಒಂದೇ ರೂಮಿನಲ್ಲಿದ್ದು, ಒಂದೇ ಪಾತ್ರೆಯಲ್ಲಿ ಅನ್ನ ಸೀಯಿಸಿದವರು. ನಾನವನನ್ನು ಭಾಯ್ ಎನ್ನುತ್ತೇನೆ, ಅವನು ನನ್ನನ್ನು ಮಾರಾಯ ಎನ್ನುತ್ತಾನೆ. ಪ್ರತಿ ಲೇಬರ್ ಡೇಗೂ ಎರಡು ಸಂಸಾರಗಳೂ ನಡುದಾರಿಯಲ್ಲಿ, ಮಿಶಿಗನ್ ಸರೋವರದ ದಡದ ಒಂದು ಪಾರ್ಕಿನಲ್ಲಿ ಸೇರಬೇಕೆಂದು ಮಾಡಿಕೊಂಡೆವು.

ಮೊದಲ ವರ್ಷ ಬೆಳಿಗ್ಗೆ ಹತ್ತಕ್ಕೆ ಎಂದು ಮಾತಾಯಿತು. ನಾವು ಹತ್ತಕ್ಕೆ ಸರಿಯಾಗಿ ಹೋಗಿ ಕೂತೆವು. ಅವರು ಹನ್ನೊಂದಕ್ಕೆ ನಗುನಗುತ್ತ ಇಳಿದರು. "ಟೈಮ್‌ಗೆ ಸರಿಯಾಗಿ ಬಂದಿದೀವಿ ನೋಡು ಮಾರಾಯ!" ಎಂದು ಭಾಯ್ ಗಡಿಯಾರ ತೋರಿಸಿದ. ಅದರಲ್ಲಿ ಹತ್ತೇ ಆಗಿತ್ತು. ಚಿಕಾಗೋ ಕಡೆಯ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಹೊಳೆದಿರಲಿಲ್ಲ ಅಷ್ಟೆ.

ಎರಡನೆಯ ವರ್ಷವೂ ಹತ್ತಕ್ಕೇ ಎಂದೆವು. ಪಾಪ, ಅವನು ತನ್ನ ಹತ್ತಕ್ಕೆ ತಾನೇ ಬರುವುದು ಎಂದು ನಾನು ನಮ್ಮ ಹನ್ನೊಂದಕ್ಕೆ ಹೋದೆ. ಪಾಪ, ಕಳೆದ ಸಲ ಅವರನ್ನು ಕಾಯಿಸಿದೆವಲ್ಲ ಎಂದು ಅವನು ತನ್ನ ಒಂಬತ್ತಕ್ಕೇ ಬಂದಿದ್ದ. ಒಬ್ಬರ ಮೇಲೊಬ್ಬರಿಗೆ ಅಷ್ಟು ಕಾಳಜಿ. ಈ ಸಲ ಒಂದು ಗಂಟೆ ಕಾದವರು ಅವರು.

ಮೂರನೆಯ ವರ್ಷ ಅವನೇ ಫೋನಿನಲ್ಲಿ ಹೇಳಿದ: "ಗಂಟೆ ಗಿಂಟೆ ಎಲ್ಲ ಬಿಡು ಮಾರಾಯ. ನನ್ ಹೆಂಡ್ತಿ ನಿಮಗೇಂತ ತರಕಾರಿ ಬಿರಿಯಾನಿ ಮಾಡ್ತಾಳೆ. ಅದು ಆರೋದ್ರೊಳಗೆ ಬಂದ್ಬಿಡಿ."

ಅಲ್ಲಿಂದಾಚೆಗೆ ನಾವು ಒಂದು ಸಲವೂ ತಡಮಾಡಿಲ್ಲ.

ಗುಡಿಸೋರು ಯಾರು ಮಿಸ್?

ಇನ್ನು ಅತ್ತೆಯವರು ಬಂದ ವರ್ಷ. ಅದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಅತ್ತೆಯವರು ಮೈಸೂರಿನ ಹೈಸ್ಕೂಲಿನಲ್ಲಿ ರಿಟೈರ್ ಆಗುವವರೆಗೂ ಭೂಗೋಳ ಪಾಠ ಮಾಡಿದವರು. ಚಳಿದೇಶಗಳಲ್ಲಿ ಮರಗಳು ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತವೆ, ಉದುರುವ ಮುನ್ನ ಆ ಎಲೆಗಳು ಕೆಂಪು, ಹಳದಿ, ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ ಎಂದು ವರ್ಷವರ್ಷವೂ ಹೇಳಿದ್ದರು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಅಷ್ಟೊಂದು ಎಲೆ ಉದುರಿದ್ರೆ ಗುಡಿಸೋರು ಯಾರು ಮಿಸ್?" ಎಂದು ಕೇಳಿದಳಂತೆ. ಕ್ಲಾಸೆಲ್ಲ ನಕ್ಕಿತು. ಅತ್ತೆಯವರು ಆ ಪ್ರಶ್ನೆಯನ್ನು ಅಮೆರಿಕದವರೆಗೂ ಹೊತ್ತು ತಂದಿದ್ದರು.

"ನೋಡದೇ ಇರೋದನ್ನ ಅಷ್ಟು ವರ್ಷ ನೋಡಿದೋಳ ಹಾಗೆ ಹೇಳಿಬಿಟ್ಟೆ ಅಳಿಯಂದಿರೇ. ಒಂದೇ ಒಂದು ಸಲ ಕಣ್ಣಾರೆ ನೋಡ್ಬೇಕು" ಎಂದರು, ಏಪ್ರಿಲ್‌ನಲ್ಲಿ ವಿಮಾನ ಇಳಿದ ದಿನವೇ.

ನಾನು ಟಿಕೆಟ್ಟು ತೆಗೆದು ನೋಡಿದೆ. ಎಲೆ ಕೆಂಪಾಗುವುದು ಅಕ್ಟೋಬರಿನಲ್ಲಿ. ಅವರ ವಾಪಸ್ ಟಿಕೆಟ್ಟು ಸೆಪ್ಟೆಂಬರ್ ಮೊದಲ ವಾರಕ್ಕೆ. ಸೀಟು ಖಾಲಿಯಿದೆ ಎಂದು ಖುಷಿಯಿಂದ ಬುಕ್ ಮಾಡಿದವನು, ಎಲ್ಲವನ್ನೂ ಮೊದಲೇ ಯೋಚಿಸುವ ನಾನು. ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿ ಗೋಗರೆದೆ. ಈ ಟಿಕೆಟ್ ಬದಲಾಯಿಸುವ ಹಾಗಿಲ್ಲ, ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದರೆ ಮಾತ್ರ ನೋಡಬಹುದು ಎಂದ. ಅತ್ತೆಯವರು ಅದನ್ನು ಕೇಳಿ, "ನನಗೇನಾಗಿದೆ ಧಾಡಿ, ಗುಂಡುಕಲ್ಲಿನ ಹಾಗಿದೀನಿ" ಎಂದು ಬೇಜಾರು ಮಾಡಿಕೊಂಡರು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಓಡಿಬಂದು, ಪಕ್ಕದ ಮನೆ ಅಜ್ಜನ ಮರ ಪೂರ್ತಿ ಕೆಂಪಾಗಿದೆ ಎಂದರು. ನಾನು ನೋಡಿ ಬರುವಷ್ಟರಲ್ಲಿ ಮೈಸೂರಿಗೆ, ತಂಗಿಗೂ ಇಬ್ಬರು ಗೆಳತಿಯರಿಗೂ ಫೋನ್ ಹೋಗಿತ್ತು. ಅದು ಚಿಗುರಿನಿಂದ ಉದುರುವವರೆಗೂ ಕೆಂಪಾಗಿಯೇ ಇರುವ ಜಾತಿಯ ಮರ ಎಂದು ಅಜ್ಜ ಬೇಲಿಯ ಮೇಲಿಂದ ವಿವರಿಸಿದ. ಅತ್ತೆಯವರಿಗೆ ಅಂಥ ಮರ ಇಷ್ಟವಾಗಲಿಲ್ಲ. "ಇದು ಕಾಪಿ ಹೊಡೆದು ಪಾಸಾದ ಹಾಗೆ" ಎಂದರು.

ಆಗಸ್ಟ್ ನಡುವಿನಲ್ಲಿ ಸಬ್‌ಡಿವಿಷನ್ನಿನ ಬಾಗಿಲ ಬಳಿಯ ಮರವೊಂದರ ಟೊಂಗೆ ನಿಜವಾಗಿಯೂ ಹಳದಿಯಾಯಿತು. ಅತ್ತೆಯವರು ದಿನಾ ಎರಡು ಹೊತ್ತು ಹೋಗಿ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಶನಿವಾರ ಎಲ್ಲರೂ ರೇಷ್ಮೆಸೀರೆ, ಜರಿಪಂಚೆ ಉಟ್ಟು ಅದರ ಕೆಳಗೆ ಫೋಟೋ ತೆಗೆಸಿಕೊಳ್ಳಬೇಕು ಎಂದಾಯಿತು. ಶನಿವಾರ ಸಿಂಗರಿಸಿಕೊಂಡು ಹೋದರೆ ಅಲ್ಲಿ ಮರವೇ ಇಲ್ಲ, ಬುಡ ಮಾತ್ರ ಇದೆ. ಹುಳ ಹಿಡಿದು ಒಣಗುತ್ತಿದ್ದ ಮರವಂತೆ, ಶುಕ್ರವಾರ ಕಡಿದುಹಾಕಿದ್ದರು.

ಅತ್ತೆಯವರು ಬುಡವನ್ನೇ ನೋಡುತ್ತ ನಿಂತರು. ಆಮೇಲೆ, "ಕ್ಯಾಮೆರಾ ತಂದಿದ್ದೀರಲ್ಲ, ಬುಡಾನೇ ತೆಗೀರಿ. ಹುಳಕ್ಕಾದ್ರೂ ಎಲೆ ನೋಡೋ ಭಾಗ್ಯ ಇತ್ತು" ಎಂದರು.

ಅಪ್ಪನ ಪತ್ರೆ ಮಗನಿಗೆ

ಉಳಿದದ್ದು ಒಂದೇ ದಾರಿ. ಉತ್ತರಕ್ಕೆ, ಸರೋವರಗಳ ನಡುವಿನ ದೊಡ್ಡ ಸೇತುವೆ ದಾಟಿ ಹೋದರೆ ಚಳಿ ಬೇಗ ಬರುತ್ತದೆ, ಲೇಬರ್ ಡೇ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಟೊಂಗೆಯಾದರೂ ಕೆಂಪಾಗಿರುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಹೋಟೆಲ್ ಬುಕ್ ಮಾಡಿದೆ. ಆ ಸಂಜೆ ಹೆಂಡತಿ ಪಂಚಾಂಗ ನೋಡಿದಳು. ಅದೇ ಭಾನುವಾರ ಗಣೇಶನ ಹಬ್ಬ.

"ಗಣಪತಿ ಮನೆಗೆ ಬರೋ ದಿನ ನಾವು ಬೀಗ ಹಾಕ್ಕೊಂಡು ಹೋಗೋದೇ? ಬೇಡಿ" ಎಂದರು ಅತ್ತೆಯವರು. ಆಮೇಲೆ ಪಂಚಾಂಗ ಮಡಚಿಡುತ್ತ, "ಎಲೆ ಏನು, ಫೋಟೋದಲ್ಲಿ ನೋಡಿದರಾಯ್ತು" ಎಂದರು. ನಾನು ಹೋಟೆಲ್ ರದ್ದು ಮಾಡಿದೆ.

ಆ ಸಲ ಪಾರ್ಕಿನ ಬದಲು ಭಾಯ್ ಸಂಸಾರ ಸಮೇತ ಶನಿವಾರ ನಮ್ಮ ಮನೆಗೇ ಬಂದ. ಶಿವಮೊಗ್ಗದಲ್ಲಿ ತಮ್ಮ ಬೀದಿಯ ಗಣಪತಿಗೆ ಚಪ್ಪರ ಹಾಕಿದವನು, ಬಂದವನೇ, "ಆಂಟಿ, ನಂಗೇನು ಕೆಲಸ?" ಎಂದ. ಅತ್ತೆಯವರು ಬುಟ್ಟಿ ಕೊಟ್ಟರು. ಗಣಪತಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸಬೇಕು. ಇಲ್ಲಿ ಗರಿಕೆ ಸಿಕ್ಕೀತು, ಉಳಿದದ್ದಕ್ಕೆ ಎಲ್ಲಿ ಹೋಗುವುದು? ಸಿಕ್ಕ ಇಪ್ಪತ್ತೊಂದು ಜಾತಿಯ ಎಲೆ ತಂದರೆ ದೇವರು ಹೊಂದಿಸಿಕೊಳ್ಳುತ್ತಾನೆ ಎಂದು ತೀರ್ಮಾನವಾಯಿತು. ಅಜ್ಜನ ಸೇಬಿನ ಗಿಡ, ನಮ್ಮ ಪುದೀನ, ಓಕು, ಮೇಪಲ್ಲು ಎಂದು ಇಪ್ಪತ್ತರವರೆಗೆ ಬಂದೆವು. ಮಾವಿನೆಲೆಯ ತೋರಣ ಇಲ್ಲದ್ದು ಎಂಥ ಹಬ್ಬ ಎಂದು ಅತ್ತೆಯವರು ನಡುನಡುವೆ ನಿಟ್ಟುಸಿರಿಡುತ್ತಿದ್ದರು.

ಆಗ ಕಂಡಿತು. ಸಬ್‌ಡಿವಿಷನ್ನಿನ ಹಿಂದಿನ ಕೊಳದ ಬೇಲಿಗೆ ಹಬ್ಬಿದ ಒಂದು ಬಳ್ಳಿ. ಸುತ್ತ ಎಲ್ಲ ಹಸಿರು, ಅದೊಂದು ಮಾತ್ರ ಕುಂಕುಮದಂಥ ಕೆಂಪು. ಅತ್ತೆಯವರು ಹತ್ತಿರ ಹೋದರು. ಒಂದೊಂದು ತೊಟ್ಟಿಗೂ ಮೂರು ಮೂರು ದಳ.

"ಬಿಲ್ವ! ನೋಡಿ ಅಳಿಯಂದಿರೇ, ಅಮೆರಿಕದ ಬಿಲ್ವಪತ್ರೆ! ಅದೂ ಕೆಂಪಾಗಿದೆ! ಶಿವನ ಪತ್ರೆ, ಮಗನಿಗೂ ಏರಿಸ್ತಾರೆ. ನಾನು ಎಲೆ ನೋಡಿದ ಹಾಗೂ ಆಯ್ತು, ಪೂಜೆಗೂ ಆಯ್ತು!" ಅವರ ಕಣ್ಣಲ್ಲಿ ನೀರು ಬಂತು. ಕೆನ್ನೆಗೆ ಎಲೆ ಒತ್ತಿಕೊಂಡರು.

ನನ್ನ ಮಗಳಿಗೆ ಆಗ ಎಂಟು ವರ್ಷ. ಅವಳು ದೂರದಲ್ಲೇ ನಿಂತು, "ಅಜ್ಜಿ, ಐ ಡೋಂಟ್ ಥಿಂಕ್ ದಟ್ಸ್ ಎ ನೈಸ್ ಪ್ಲಾಂಟ್" ಎಂದಳು.

"ದೇವರ ಪತ್ರೆಗೆ ನೈಸೂ ಗೀಸೂ ಏನಮ್ಮ" ಎಂದರು ಅತ್ತೆಯವರು.

ಭಾಯ್ ಎತ್ತರದ ಆಳು. "ಎಷ್ಟು ಬೇಕು ಆಂಟಿ?" ಎನ್ನುತ್ತ ಬಳ್ಳಿಯನ್ನು ತಬ್ಬಿ ಎಳೆದು ಬುಟ್ಟಿ ತುಂಬಿಸಿದ. ಭಾನುವಾರ ನಾನು ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಭಕ್ತಿಯಿಂದ ಏರಿಸಿದೆ. ಹೆಂಡತಿ ಉಳಿದದ್ದನ್ನು ಬಾಗಿಲಿಗೆ ತೋರಣ ಕಟ್ಟಿದಳು. ಅಂಥ ಚಂದದ ಹಬ್ಬ ನಮ್ಮ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ನನಗೆ ಕಣ್ಣು ತೆರೆಯಲಾಗಲಿಲ್ಲ. ಹೆಂಡತಿಯ ಕೈಯೆಲ್ಲ ಬೊಬ್ಬೆ. ಅತ್ತೆಯವರ ಮುಖ ಎರಡರಷ್ಟಾಗಿತ್ತು. ಬೋಲಿಂಗ್‌ಬ್ರೂಕ್‌ನಿಂದ ಫೋನು: "ಮಾರಾಯ, ನನ್ನ ಎರಡೂ ಕೈ ಹಲಸಿನ ಹಣ್ಣಾಗಿದೆ! ನಿಮ್ಮ ಗಣಪತಿಗೆ ಏನು ಬೇಜಾರು ಮಾಡಿದೆ ನಾನು?" ಬಳ್ಳಿಯ ಹೆಸರು ಪಾಯಿಸನ್ ಐವಿ. ಇಲ್ಲಿ ಮಕ್ಕಳಿಗೆ ನಡೆಯಲು ಬಂದ ಕೂಡಲೇ ಹೇಳಿಕೊಡುವುದು ಅದನ್ನೇ: ಮೂರೆಲೆ ಕಂಡರೆ ಮುಟ್ಟಬೇಡ. ನಮಗೆ ಹೇಳಿಕೊಟ್ಟಿದ್ದು ಮೂರೆಲೆ ಕಂಡರೆ ಕೈಮುಗಿ ಎಂದು. ನಮ್ಮಲ್ಲಿ ತುರಿಕೆಯಿಲ್ಲದವರು ಇಬ್ಬರೇ, ಮಗಳು ಮತ್ತು ಗಣಪತಿ.

ಗುಲಾಬಿ ಬಣ್ಣದ ಮುಲಾಮನ್ನು ಮುಖ, ಕೈ, ಕುತ್ತಿಗೆಗೆಲ್ಲ ಬಳಿದುಕೊಂಡು ಮೂವರೂ ಡಾಕ್ಟರ ಬಳಿ ಹೊರಟೆವು. ಪಕ್ಕದ ಮನೆಯ ಅಜ್ಜ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, ಟೋಪಿ ತೆಗೆದು ಎದೆಗಿಟ್ಟುಕೊಂಡ.

"ನಿಮ್ಮ ಬಣ್ಣದ ಹಬ್ಬದ ಬಗ್ಗೆ ಟೀವಿಯಲ್ಲಿ ನೋಡಿದ್ದೇನೆ. ಶುಭಾಶಯಗಳು!" ಎಂದ.

ಪ್ರಸಾದ

ಡಾಕ್ಟರು ಅತ್ತೆಯವರ ಮುಖ ನೋಡಿ ಗುರುವಾರದ ವಿಮಾನ ಖಂಡಿತ ಬೇಡ ಎಂದರು. ಆ ಮುಖಕ್ಕೂ ಪಾಸ್‌ಪೋರ್ಟಿನ ಮುಖಕ್ಕೂ ಸಂಬಂಧವೂ ಇರಲಿಲ್ಲ, ಬಿಡಿ. ಜೊತೆಗೆ ಇನ್ನೊಂದು ಮಾತು ಹೇಳಿದರು: ಈ ಬಳ್ಳಿ ಮಾವಿನ ಮರದ ದೂರದ ದಾಯಾದಿಯಂತೆ.

ಅತ್ತೆಯವರು ಊದಿದ ತುಟಿಯಲ್ಲೇ ಹೇಳಿದರು: "ಹಾಗಾದ್ರೆ ತೋರಣಾನೂ ಸರಿಯಾಗೇ ಆಗಿದೆ."

ಡಾಕ್ಟರು ಬೇಡ ಎಂದ ಮೇಲೆ ಏಜೆಂಟು ಟಿಕೆಟ್ ಬದಲಾಯಿಸಲು ಒಪ್ಪಿದ. ಆದರೆ ದಸರಾ ಮುಗಿಯುವವರೆಗೆ ಸೀಟಿಲ್ಲ, ಅಕ್ಟೋಬರ್ ಎರಡನೆಯ ವಾರ ಮಾತ್ರ ಇದೆ, ತೊಂದರೆಯಾಗುತ್ತದೆಯೇ ಎಂದು ಬಹಳ ಸಂಕೋಚದಿಂದ ಕೇಳಿದ. ನಾನು ಫೋನಿಟ್ಟು, ತುರಿಸಿಕೊಳ್ಳುತ್ತಲೇ ಕುಣಿದೆ.

ಅಕ್ಟೋಬರ್‌ನಲ್ಲಿ ನಮ್ಮ ಹಿತ್ತಲಿನ ಮೇಪಲ್ ಮರ ಹೊತ್ತಿಕೊಂಡ ಹಾಗೆ ಕೆಂಪಾಯಿತು. ಅತ್ತೆಯವರು ಶಾಲು ಹೊದ್ದು, ಕುರ್ಚಿ ಹಾಕಿಸಿಕೊಂಡು ಅದರ ಕೆಳಗೆ ಕೂತರು. ಒಂದೊಂದೇ ಎಲೆ ತೊಟ್ಟು ಕಳಚಿ ತಿರುಗುತ್ತ ಇಳಿದು ಅವರ ಮಡಿಲಿಗೆ ಬೀಳುತ್ತಿತ್ತು. ಅಡಿಗೆಮನೆಯಿಂದ ತಂದಿದ್ದ ಇಕ್ಕಳದಲ್ಲಿ ಒಂದನ್ನು ಎತ್ತಿ, ದಳಗಳನ್ನು ಎಣಿಸಿ, ಮೂರಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೆರಳಲ್ಲಿ ಮುಟ್ಟಿದರು.

"ನಾನು ಪಾಠದಲ್ಲಿ ಹೇಳಿದ್ದು ಸುಳ್ಳಲ್ಲ, ಅಲ್ವೇ?" ಎಂದರು. ಅತ್ತೆಯವರು ಆಮೇಲೆ ಅಮೆರಿಕಕ್ಕೆ ಬರಲಿಲ್ಲ. ಈಗ ಅವರಿಲ್ಲ. ಆದರೆ ಮೊದಲ ಎಲೆ ಕೆಂಪಾದಾಗಲೆಲ್ಲ ಆ ಕುರ್ಚಿಯನ್ನು ನಾನು ಗ್ಯಾರೇಜಿನಿಂದ ತೆಗೆದು ಅಲ್ಲೇ ಹಾಕುತ್ತೇನೆ.

ಅಂದು ನಾನು ಮರದ ಸುತ್ತ ಎಲೆ ಗೋರಿ ಚೀಲಕ್ಕೆ ತುಂಬುತ್ತಿದ್ದೆ. ತುಂಬಿದಷ್ಟೂ ಬೀಳುತ್ತಿತ್ತು. ಅತ್ತೆಯವರು ಬಹಳ ಹೊತ್ತು ನೋಡಿ, "ಆ ಹುಡುಗಿ ಈಗೆಲ್ಲಿದಾಳೋ. ಸಿಕ್ಕಿದ್ರೆ ಹೇಳ್ತೀನಿ, ಗುಡಿಸೋರು ಅಳಿಯಂದಿರು ಅಂತ" ಎಂದರು.

ಅಷ್ಟರಲ್ಲಿ ಬೋಲಿಂಗ್‌ಬ್ರೂಕ್‌ನಿಂದ ಫೋನು ಬಂತು. ಭಾಯ್ ಕೈಮೇಲಿನ ಕಲೆ ಇನ್ನೂ ಪೂರ್ತಿ ಮಾಸಿರಲಿಲ್ಲ. "ಆಂಟಿ, ಕೆಂಪೆಲೆ ನೋಡಿದ್ರಾ?" ಎಂದು ಕೂಗಿ ಕೇಳಿದ.

"ಕಣ್ತುಂಬ ನೋಡ್ದೆ ಕಣಪ್ಪ. ಎಲೆ ನೋಡೋವರೆಗೂ ನನ್ನ ಇಲ್ಲೇ ಇರಿಸಪ್ಪ ಅಂತ ಗಣಪತೀನ ಕೇಳ್ಕೊಂಡಿದ್ದೆ. ನಾನು ಕೇಳಿದ್ದು ನನ್ನೊಬ್ಬಳಿಗೆ. ಅವನು ನೋಡು, ಪ್ರಸಾದಾನ ಬೋಲಿಂಗ್‌ಬ್ರೂಕ್‌ವರೆಗೂ ಹಂಚಿಬಿಟ್ಟ!"