ತೂತು ಬಿದ್ದ ಪಾತ್ರೆಗಳು, ನನ್ನ ಕಳ್ಳಿ ಗಿಡಗಳು

ನಮ್ಮ ಮನೆಯಲ್ಲಿ ಏನು ತೂತಾದರೂ ಅದಕ್ಕೆ ಮಣ್ಣು ತುಂಬುವವಳು ನಾನು. ಆಮೇಲೆ ಆಗುವುದಕ್ಕೆಲ್ಲ ಬೈಸಿಕೊಳ್ಳುವವಳೂ ನಾನೇ. ಗಂಡ ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ, ಲೆಕ್ಕ ಬರೆಯುವವರು. ಸುತ್ತ ಬೇಕಾದಷ್ಟು ಹಸಿರಿದ್ದರೂ ನನಗೆ ಮಾತ್ರ ಮಳೆ ಕಂಡರಾಗದ, ದಪ್ಪ ಎಲೆಯ ಸಕ್ಯುಲೆಂಟ್‌ಗಳ ಹುಚ್ಚು. ಅತ್ತೆಯ ಪಾಲಿಗೆ ಅವೆಲ್ಲ ಕಳ್ಳಿ. ಹೊರಗಿಟ್ಟರೆ ನಮ್ಮ ಮಳೆಗೆ ನಾಲ್ಕೇ ದಿನಕ್ಕೆ ಕೊಳೆಯುತ್ತವೆ, ಅದಕ್ಕೇ ಒಳಗಿಟ್ಟೆ. ಒಳಗಿಟ್ಟಿದ್ದಕ್ಕೇ ಇಷ್ಟೆಲ್ಲ ಆಗುತ್ತಿರುವುದು.

ಕುಕ್ಕರ್

ಮೊದಲ ಕುಂಡ, ತಳ ಸುಟ್ಟು ತೂತಾದ ಕುಕ್ಕರ್. "ಅತ್ತೆ, ಇದಕ್ಕೆ ಹದಿನೈದು ದಿನಕ್ಕೊಮ್ಮೆ ಎರಡು ಚಮಚ ನೀರು ಸಾಕು" ಅಂದಿದ್ದೆ. ಅತ್ತೆ ಮಗ್ಗೆ ಊರಿನ ಕಡೆಯವರು, ಗದ್ದೆ ಮಾಡಿದವರು. ಗಿಡವನ್ನು ಉಪವಾಸ ಕೆಡವುವುದು ಅವರ ಜಾಯಮಾನದಲ್ಲೇ ಇಲ್ಲ. ನನ್ನ ಕಣ್ಣು ತಪ್ಪಿಸಿ ದಿನಾ ಅಕ್ಕಿ ತೊಳೆದ ನೀರು ಹೊಯ್ದರು. ವಾರದೊಳಗೆ ಎಲೆಗಳೆಲ್ಲ ಮೆತ್ತಗಾಗಿ ಒಂದೊಂದೇ ಉದುರಿದವು. ನನಗೆ ಅಳು ಬಂತು.

ಅತ್ತೆ ಬಗ್ಗಿ ನೋಡಿ, "ನೀನು ಮೊದ್ಲೇ ಉಪವಾಸ ಕೆಡವಿದ್ದೆ. ನಾನು ಊಟಕ್ಕಿಕ್ಕೋ ಹೊತ್ಗೆ ಜೀವ ಹೋಗ್ಬುಟ್ಟಿತ್ತು ಕಣೆ" ಅಂದರು.

ಆಲೂರಿನ ಬೀಗಿತ್ತಿ

ನಾದಿನಿಯ ಅತ್ತೆ ಆಲೂರಿನಿಂದ ಬಂದರು. ಅಡುಗೆಮನೆ ಕಿಟಕಿಯಲ್ಲಿ ಸುಟ್ಟ ಕುಕ್ಕರ್, ಮೂತಿ ಮುರಿದ ಕೆಟ್ಲು, ಬಿರುಕು ಬಿಟ್ಟ ಮಿಕ್ಸಿ ಜಾರು ಸಾಲಾಗಿ ಕೂತಿದ್ದವು. ಅವರು ಒಂದೊಂದನ್ನೇ ನೋಡಿದರು. ಊಟಕ್ಕೆ ಕೂತರೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಮುಂದಿನ ಸಲ ಬರುವಾಗ ಹೊಸ ಕುಕ್ಕರ್ ತಂದು ನನ್ನ ಗಂಡನ ಕೈಯಲ್ಲಿಟ್ಟು, "ಕಷ್ಟ ಎಲ್ಲಾರ್ಗೂ ಬರ್ತದೆ ಕಣಪ್ಪ. ನಮ್ಮೋರ್ ತಾವ ಹೇಳ್ಕಳಕ್ಕೆ ಏನು ನಾಚ್ಕೆ" ಅಂದರು. ಗಂಡ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನು ಆ ಕುಕ್ಕರಿನ ತಳ ಯಾವಾಗ ಸುಡುತ್ತದೋ ಎಂದು ಕಾಯುತ್ತಿದ್ದೇನೆ.

ಗಂಬೂಟು

ಗಂಡನ ಎಡಗಾಲಿನ ಗಂಬೂಟು ತೂತಾಗಿ ಮೂಲೆ ಸೇರಿತ್ತು. ಪಾದದ ಭಾಗಕ್ಕೆ ಮಣ್ಣು ತುಂಬಿ ಒಂದು ಪುಟ್ಟ ಮುಳ್ಳುಗಿಡ ನೆಟ್ಟೆ. ಬೆಳೆದು ಮೇಲೆ ಇಣುಕಲಿ ಎಂಬ ಆಸೆ. ಬೆಚ್ಚಗಿರಲಿ ಎಂದು ಬಚ್ಚಲೊಲೆಯ ಪಕ್ಕ ಇಟ್ಟೆ. ತಪ್ಪಾಗಿದ್ದು ಅಲ್ಲೇ, ಯಾಕೆಂದರೆ ಹೊಸ ಗಂಬೂಟುಗಳು ಒಣಗುವ ಜಾಗವೂ ಅದೇ.

ಬೆಳಗ್ಗೆ ಆಳುಗಳ ಹಾಜರಿಗೆ ಹೊತ್ತಾಗಿತ್ತು, ಕರೆಂಟಿರಲಿಲ್ಲ. ಬಲಗಾಲು ಸರಿಯಾಗಿಯೇ ಹೋಯಿತು. ಎಡಗಾಲು ಹೋದಾಗ ಅವರು ಅಂದ ಮಾತನ್ನು ಬರೆಯುವಂತಿಲ್ಲ.

ಕುಂಟುತ್ತಾ ಹೋದವರನ್ನು ನೋಡಿ ಆಳುಗಳು, "ರೈಟರ್ರಿಗೆ ಮನೇಲಿ ಬಿದ್ದಂಗೈತೆ" ಎಂದು ನಕ್ಕರಂತೆ. ಬೂಟಿನಲ್ಲಿ ಹೆಂಡತಿ ಗಿಡ ನೆಟ್ಟಿದ್ದಳು ಅನ್ನುವುದಕ್ಕಿಂತ ಹೆಂಡತಿ ಹೊಡೆದಳು ಅನ್ನುವುದೇ ಮರ್ಯಾದೆ ಅನಿಸಿ ಇವರು ಸುಮ್ಮನಾದರಂತೆ.

ಫಿಲ್ಟರು

ಮಗನ ಕಾಲು ನೋಡಿ ಅತ್ತೆ ತೀರ್ಪು ಕೊಟ್ಟರು: "ಇನ್ನೊಂದು ಸಾಮಾನಿಗೆ ಮಣ್ಣು ತುಂಬಿದ್ದು ಕಂಡ್ರೆ, ನಿನ್ನ ಕಳ್ಳಿ ಎಲ್ಲಾ ಅಂಗಳಕ್ಕೆ." ಆಷಾಢದಲ್ಲಿ ಅಂಗಳ ಎಂದರೆ ಮರಣದಂಡನೆಯೇ. ಇಪ್ಪತ್ತು ಗಿಡ, ಒಂದೊಂದನ್ನೂ ಎಲೆಯಿಂದ ಬೆಳೆಸಿದ್ದೆ. ಹೆದರಿದೆ. ಆದರೆ ಚಟ ಕೇಳಬೇಕಲ್ಲ.

ಅತ್ತೆಯ ಹಳೆಯ ಪಿತ್ತಳೆ ಕಾಫಿ ಫಿಲ್ಟರಿನ ತೂತುಗಳು ಸವೆದು ದೊಡ್ಡವಾಗಿದ್ದವು. ಗಿಡಕ್ಕೆ ಅದಕ್ಕಿಂತ ಒಳ್ಳೆಯ ಕುಂಡ ಬೇಕೆ? ಮೇಲಿನ ಭಾಗಕ್ಕೆ ಮರಳು, ಇದ್ದಿಲ ಪುಡಿ, ಒಂದು ಹಿಡಿ ಹಳೇ ಸಗಣಿ ಗೊಬ್ಬರ ಕಲಸಿ ತುಂಬಿದೆ. ನಾಳೆ ಎಲೆ ಇಡೋಣ ಎಂದು ಮುಚ್ಚಳ ಹಾಕಿ, ಪುಡಿ ಡಬ್ಬಿಯ ಹಿಂದೆ ಬಚ್ಚಿಟ್ಟು ಸ್ನಾನಕ್ಕೆ ಹೋದೆ.

ಅಷ್ಟರಲ್ಲಿ ಎಸ್ಟೇಟಿನ ಸಾಹುಕಾರರು ಗಂಡನ ಕಾಲು ವಿಚಾರಿಸಲು ಬಂದರು. ಒಂದು ಗುಟುಕು ಕುಡಿದು ಕಾಫಿಯ ಕುಲಗೋತ್ರ ಹೇಳುವ ಮನುಷ್ಯ. ಅತ್ತೆ ಕತ್ತಲ ಅಡುಗೆಮನೆಯಲ್ಲಿ ಫಿಲ್ಟರಿನ ಮುಚ್ಚಳ ತೆಗೆದರು. ಸೊಸೆ ಪುಡಿ ಹಾಕಿಯೇ ಇಟ್ಟಿದ್ದಾಳೆ ಎಂದುಕೊಂಡು ಕುದಿವ ನೀರು ಹೊಯ್ದರು.

ನಾನು ತಲೆ ಒರೆಸಿಕೊಳ್ಳುತ್ತಾ ಬಂದಾಗ ಸಾಹುಕಾರರು ಸೊರ್ರೆಂದು ಎಳೆದು ಕಣ್ಣು ಮುಚ್ಚಿದ್ದರು.

"ಏನವ್ವ ಇದು! ಮಣ್ಣಿನ ಸಾರ ಹಂಗೇ ನಾಲಗೆ ಮೇಲೆ ಕೂತೈತೆ. ನಮ್ಮ ತೋಟದ್ದೇ ಅಲ್ವಾ?"

"ತೋಟದ್ದೇ ಸ್ವಾಮಿ. ಉಳಿದದ್ದು ಕೈ ಹದ" ಅಂದರು ಅತ್ತೆ, ಸೆರಗು ಸರಿಮಾಡಿಕೊಂಡು.

ಅವರು ಇನ್ನೊಂದು ಲೋಟ ಕೇಳಿ ಕುಡಿದು ಹೋದರು. ಅತ್ತೆ ಗಸಿ ಚೆಲ್ಲಲು ಫಿಲ್ಟರ್ ಬಗ್ಗಿಸಿದಾಗ ಕೈಗೆ ಮರಳು ಸಿಕ್ಕಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಬಾಯಿ ಬುಡ್ತೀಯಾ?" ಅತ್ತೆ ಕೇಳಿದರು.

"ಗಿಡ ಒಳಗೇ ಇರ್ತಾವಾ?" ನಾನು ಕೇಳಿದೆ.

"ಇರ್ಲಿ. ಸಾಯ್ಲಿ."

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮೂರನೇ ದಿನ ಸಾಹುಕಾರರ ಫೋನು. ಹೊರಗಿನಿಂದ ಕಾಫಿ ಕೊಳ್ಳುವವರು ಬರುತ್ತಿದ್ದಾರೆ, ಅವ್ವನ ಕೈಯ ಅದೇ ಕಾಫಿ ಬೇಕು ಎಂದರು. ಫೋನಿಟ್ಟ ಅತ್ತೆ ಕಿಟಕಿಯ ಗಿಡಗಳನ್ನೊಮ್ಮೆ ನೋಡಿದರು. ಆಮೇಲೆ ಮಗನಿಗೆ ಕೇಳದ ಹಾಗೆ ನನ್ನ ಹತ್ತಿರ ಬಂದು ಕೇಳಿದರು:

"ಆ ಮಣ್ಣು ಇನ್ನೊಂದಿಷ್ಟು ಐತೇನೇ?"